ನಿನ್ನ ಖಾರ ನಿನ್ನ ತಟ್ಟೆಗೆ

ಕೆಲಸ ಹಿಡಿಯುವಾಗ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ತಪ್ಪಿಲ್ಲ. ಮಾಡದ ಕೆಲಸಕ್ಕೆ ಮಾತ್ರ ಮುದ್ರೆ ಒತ್ತಬೇಡಿ. ನಾನು ಒತ್ತಿದ್ದೆ.

ಆಗ ಚಿನ್ನದ ಗಣಿಯ ಊರು ಮಾರಿಕುಪ್ಪಂನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಹತ್ತು ದಿನದ ಕೆಲಸವನ್ನು ಆರಕ್ಕೇ ಮುಗಿಸುತ್ತೇನೆಂದು ಮೇಲಧಿಕಾರಿಯ ಜೊತೆ ಜಗ್ಗಾಡಿ ದೊಡ್ಡದೊಂದು ಪ್ರೋಗ್ರಾಂ ಗಿಟ್ಟಿಸಿಕೊಂಡೆ. ಅದು ರೀಎಂಟ್ರೆಂಟ್ ಆಗಿರಬೇಕಿತ್ತು. ಅಂದರೆ ಮೆಮೊರಿಯಲ್ಲಿ ಇರುವುದು ಒಂದೇ ಪ್ರತಿ. ಎಷ್ಟು ಜನರಾದರೂ ಅದನ್ನು ಒಟ್ಟಿಗೇ ಬಳಸಬಹುದು. ಹಾಗಾಗಬೇಕಾದರೆ ಪ್ರೋಗ್ರಾಂ ಯಾರ ವಿವರವನ್ನೂ ತನ್ನ ಮೈಮೇಲೆ ಬರೆದುಕೊಳ್ಳಬಾರದು. ಆ ಗುಣ ಇದೆಯೆಂದು ಕೊನೆಯಲ್ಲಿ ಒಂದು ಪದ ಸೇರಿಸಿದರೆ ಸಾಕು, ಯಂತ್ರ ನಂಬಿಬಿಡುತ್ತದೆ. ನಾನು ಪದ ಸೇರಿಸಿದೆ, ಒಳಗಿನ ಕೆಲಸ ಬಿಟ್ಟೆ. ಒಬ್ಬಳೇ ಓಡಿಸಿ ನೋಡಿದಾಗ ಅಪ್ಪಟ ಚಿನ್ನ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರು ನೋಡಿ, ಒಬ್ಬರ ವಿವರ ಇನ್ನೊಬ್ಬರ ಪರದೆಯಲ್ಲಿ.

“ನಾಳೆ ಸಂಜೆಯೊಳಗೆ ಸರಿಹೋಗಲಿಲ್ಲ ಅಂದ್ರೆ ಈ ಕೆಲಸ ಪಕ್ಕದ ಮೇಜಿನವರಿಗೆ ಕೊಡ್ತೀನಿ,” ಎಂದರು ಅಧಿಕಾರಿ.

ಅಂದು ರೈಲು ಬದಲಿಸಲು ಬಂಗಾರಪೇಟೆಯಲ್ಲಿ ಇಳಿದವಳು ಪಾನಿಪೂರಿ ಗಾಡಿಗೆ ಹೋದೆ. ನಮ್ಮೂರ ಕಡೆಯ ಪಾನಿ ನೋಡಲು ತಿಳಿನೀರು. ನನಗೆ ಖಾರ ಸಾಲಲಿಲ್ಲ, ಗಾಡಿಯವನಿಗೆ ಕೈ ಬಿಡುವಿಲ್ಲ, ರೈಲಿಗೆ ಹೊತ್ತಾಗಿತ್ತು. ಗಾಡಿಯ ಮೇಲಿದ್ದ ಡಬ್ಬಿಯಿಂದ ನಾನೇ ಒಂದು ಚಮಚ ಖಾರ ತೆಗೆದು ಪಾನಿಯ ಪಾತ್ರೆಗೇ ಸುರಿದು ಕಲಕಿಬಿಟ್ಟೆ.

ಮುಂದಿನ ಸುತ್ತಿಗೆ ಸುತ್ತ ನಿಂತವರೆಲ್ಲ ಖಾರ ನೆತ್ತಿಗೇರಿ ಬಿಕ್ಕಳಿಸತೊಡಗಿದರು. ಹಿಂದೆ ಚಿನ್ನದ ಗಣಿಯಲ್ಲಿ ದುಡಿದ ತಾತನೊಬ್ಬ ಕಣ್ಣೊರೆಸಿಕೊಂಡು, “ಗಣಿಯೊಳಗೂ ಇಂಗೆ ಉಸಿರು ಕಟ್ಟಿರ್ಲಿಲ್ಲ ಕಣ್ಲಾ,” ಎಂದು ಗಾಡಿಯವನನ್ನು ಗದರಿಸಿದ.

ಗಾಡಿಯವ ನನ್ನ ಕೈಲಿದ್ದ ಚಮಚ ನೋಡಿದ. “ಏನಮ್ಮಾ, ಪಾನಿ ಎಲ್ಲಾರ್ದೂ ಅಲ್ವಾ? ನಿನ್ ಖಾರ ನಿನ್ ತಟ್ಟೆಗೆ ಆಕ್ಕೋ.”

ನನಗೆ ತಡೆಯಲಾರದ ನಗು. “ಆಪೀಸ್ನಾಗೂ ಇದೇ ಮಾಡಿ ಬಂದಿದೀನಿ ಅಣ್ಣಾ.”

“ಅಲ್ಲೂ ಪಾನಿಪೂರಿನಾ?” ಎಂದ ತಾತ, ಬಿಕ್ಕಳಿಸುತ್ತಲೇ.

ಮರುದಿನ ಬೆಳಗ್ಗೆ ಹೋದವಳೇ, ಪ್ರೋಗ್ರಾಂ ಬಳಸಲು ಬಂದವರಿಗೆಲ್ಲ ಅವರದೇ ಒಂದೊಂದು ತಟ್ಟೆ ಇಟ್ಟೆ: ಪ್ರತಿಯೊಬ್ಬರಿಗೂ ಮೆಮೊರಿಯಲ್ಲಿ ಬೇರೆ ಜಾಗ ಕೇಳಿ ಪಡೆದು, ಅವರ ವಿವರ ಅಲ್ಲೇ ಬರೆಯುವಂತೆ ತಿದ್ದಿದೆ. ಸಂಜೆ ಅಧಿಕಾರಿಯೂ ಆ ಪಕ್ಕದ ಮೇಜಿನವರೂ ಒಟ್ಟಿಗೆ ಗುಂಡಿ ಒತ್ತಿದರು. ಅವರವರದು ಅವರವರಿಗೆ. ಇನ್ನೂ ಹತ್ತು ಸಲ ಒತ್ತಿಸಿದೆ, ಖುಷಿಗೆ.

ಪ್ರೋಗ್ರಾಂ ನನ್ನಲ್ಲೇ ಉಳಿಯಿತು. ಮುಂದಿನ ಕೆಲಸಕ್ಕೆ ಹನ್ನೆರಡು ದಿನ ಕೇಳಿ ಹತ್ತಕ್ಕೆ ಒಪ್ಪಿದೆ. ಬಂಗಾರಪೇಟೆಯಲ್ಲಿ ಇಳಿದು ಹೆಚ್ಚುಕಮ್ಮಿ ಕುಣಿಯುತ್ತಲೇ ಗಾಡಿಯ ಹತ್ತಿರ ಹೋದೆ. ನನ್ನನ್ನು ಕಂಡ ಗಾಡಿಯವ ಖಾರದ ಡಬ್ಬಿಯನ್ನು ಮೆಲ್ಲಗೆ ಆಚೆ ಬದಿಗೆ ಸರಿಸಿದ.