ಚೀನೀ ಹಬ್ಬಕ್ಕೆ ಒಣಗಿದ ಬನ್ನಿ

ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಚೀನಾದಿಂದ ಹೊಸ ಮಗ್ಗಗಳು ಬಂದವು. ಅವನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬಂದ. ಊಟ ನಮ್ಮಲ್ಲೇ. ಮಾತುಕತೆಯೆಲ್ಲ ಫೋನಿನ ಅನುವಾದದಲ್ಲಿ.

ಕೆಲಸ ಮುಗಿಯುವ ಮುಂಚೆ ಅವರ ಹೊಸ ವರ್ಷ ಬಂದೇಬಿಟ್ಟಿತು. ಹಬ್ಬಕ್ಕೆ ಬರುವುದಿಲ್ಲ ಎಂದದ್ದಕ್ಕೆ ಅವನ ತಾಯಿ ಮಾತು ಬಿಟ್ಟಳು. ರೊಟ್ಟಿ ಮುರಿದು ಬಾಯಿಗಿಡದೆ ತಟ್ಟೆ ನೋಡುತ್ತ ಕೂರುವ ಅವನನ್ನು ಕಂಡು ನನ್ನ ಅತ್ತೆ ಮರುಗಿದರು. ನಮ್ಮಲ್ಲಿ ದಸರೆಗೆ ಬನ್ನಿ ಎಲೆ ಕೊಟ್ಟು ಬಂಗಾರದಂತಿರೋಣ ಎಂದರೆ, ಮಾತು ಬಿಟ್ಟವರೂ ಕೈಚಾಚಿ ತೆಗೆದುಕೊಳ್ಳಲೇಬೇಕು.

"ಅವರ ಹಬ್ಬದಾಗ ಏನಂತಾರ ಕೇಳು. ಅವರ ಅವ್ವಗ ನಾನ ಹೇಳತೀನಿ," ಎಂದರು ಅತ್ತೆ.

"ಫೋನ್ ಹೇಳತೈತಲ್ರಿ, ಅತ್ತಿ."

"ಫೋನಿಗೇನ ಮಕ್ಕಳ ಅದಾವೇನ?"

ಶಿನ್ ನಿಯೆನ್ ಕ್ವಾಯ್ ಲ. ಹೊಸ ವರ್ಷದ ಶುಭಾಶಯ ಎಂದು ಅವನು ಹೇಳಿಕೊಟ್ಟದ್ದು ಇಷ್ಟೇ ಮಾತು. ಜೊತೆಗೆ ನನ್ನನ್ನೂ ಕಲಿಯಲು ಕೂರಿಸಿದರು. ನಾವು ಹೇಳಿದಾಗಲೆಲ್ಲ ಅವನು ತಲೆಯಾಡಿಸಿ, ದನಿ ಏರಬೇಕು, ಇಳಿಯಬೇಕು ಎಂದು ಕೈಯಲ್ಲಿ ತೋರಿಸುತ್ತಿದ್ದ. ನನಗೆ ಸಿಟ್ಟೇ ಬಂತು. ಅತ್ತೆ ಎದ್ದು ಹೋಗಿ ತಮ್ಮ ಹಳೆಯ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ಮಾತಿನ ಮೊದಲ ತುಂಡಿಗೆ ಕಾಲು ಕದಲಲಿಲ್ಲ, ದನಿ ಏರುವ ಎರಡನೆಯದಕ್ಕೆ ಎತ್ತಿದರು, ಇಳಿಯುವ ಉಳಿದೆರಡಕ್ಕೂ ತುಳಿದರು. ಸಂಜೆಯೊಳಗೆ ಅವನು ಅವರಿಗೆ ಚಪ್ಪಾಳೆ ತಟ್ಟಿದ. ನನ್ನದು ಕೊನೆಗೂ ಕುಂಟುತ್ತಲೇ ಇತ್ತು.

ಹಬ್ಬದ ಬೆಳಿಗ್ಗೆ ವಿಡಿಯೊ ಕಾಲ್ ಮಾಡಿದಾಗ ಅಲ್ಲಿ ಅವನ ತಂಗಿ ಫೋನು ಹಿಡಿದಿದ್ದಳು. ತಾಯಿ ಮುಖ ತಿರುಗಿಸಿ ಕೂತಿದ್ದಳು. ಅತ್ತೆ ದೇವರ ಜಗಲಿಯ ಮೇಲಿದ್ದ ದಸರೆಯ ಬನ್ನಿ ತಂದರು, ಒಣಗಿ ಗರಿಗರಿಯಾಗಿತ್ತು. ತಲೆಯ ಮೇಲೆ ಸೆರಗು ಹೊದ್ದು, ಎಲೆಯನ್ನು ಫೋನಿನ ಮುಂದೆ ಚಾಚಿ, ಕಲಿತ ಮಾತು ಹೇಳಿದರು. ಕಾಲು ನೆಲ ತುಳಿಯುತ್ತಲೇ ಇತ್ತು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ.

ಅವನ ತಾಯಿ ತಿರುಗಿದಳು. ಅತ್ತೆಯನ್ನು ನೋಡಿದಳು, ಎಲೆಯನ್ನು ನೋಡಿದಳು. ಆಮೇಲೆ ಮಗನನ್ನು ನೋಡಿ ಏನೋ ಕೇಳಿದಳು. ಅವನು ಮುಖ ತಗ್ಗಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನು ನನ್ನ ಫೋನಿನಲ್ಲಿ ಅನುವಾದ ತೆರೆಯಲು ತಡಕಾಡುತ್ತಿದ್ದೆ. ಅತ್ತೆ ಅದಕ್ಕೆ ಕಾಯಲಿಲ್ಲ. ಎಷ್ಟೋ ದಿನಕ್ಕೆ ಬಾಯಿ ಬಿಟ್ಟ ತಾಯಿ ಮಗನನ್ನು ಮೊದಲು ಏನು ಕೇಳುತ್ತಾಳೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಉಂಡಾನ, ತಂಗಿ," ಎಂದು ಅವನು ಉಂಡ ತಟ್ಟೆಯನ್ನು ಎತ್ತಿ ಆ ತಾಯಿಗೆ ತೋರಿಸಿದರು. "ಎರಡು ರೊಟ್ಟಿ ಉಂಡಾನ. ಇನ್ನ ನೀನೂ ಉಣ್ಣು."