'ಸೂಚಿಸು' ಪದಕ್ಕೆ ನಾನು ಕೊಟ್ಟ ಉದಾಹರಣೆ

ನಮ್ಮಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೆಷಿನ್ನು, ಗೋಡೆಗೊಂದು ಕನ್ನಡಿ, ಕೊರಳಲ್ಲಿ ಸದಾ ಅಳತೆ ಟೇಪು. ಮೈ ಬಂದವರು ಹಳೆಯ ಅಂಗಿ ಬಿಗಿಯಾಯಿತೆಂದು ತಂದರೆ, "ಒಗೆದು ಒಗೆದು ಬಟ್ಟೆ ಕುಗ್ಗಿದೆ, ಅದಕ್ಕೆ ನೀವೇನ್ ಮಾಡ್ತೀರಮ್ಮ," ಎಂದು ಹೊಲಿಗೆ ಬಿಚ್ಚುತ್ತಿದ್ದಳು. ಬಂದವರು ಹಿಗ್ಗಿ ಹೀರೇಕಾಯಿಯಾಗಿ ಹೋಗುತ್ತಿದ್ದರು. ಬಾಯಿಬಿಟ್ಟು ನಿಜ ಹೇಳಲಾರದ ಹೆಂಗಸು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅಪ್ಪ ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತೆರಡು. ಬಂದ ಸಂಬಂಧಗಳಿಗೆಲ್ಲ "ಇವನ ಓದು ಮುಗೀಲಿ" ಎಂದಳು. ಓದು ಮುಗಿಯುವ ಹೊತ್ತಿಗೆ ಸಂಬಂಧಗಳು ಬರುವುದೇ ನಿಂತಿತ್ತು.

ಓದಿದ ಮಹಾಶಯ ನಾನು ನಿಘಂಟು ಕಚೇರಿ ಸೇರಿದೆ. ಒಂದೊಂದು ಪದಕ್ಕೂ ಒಂದು ಚೀಟಿ: ಅರ್ಥ, ಮೂಲ, ಆಡುಮಾತಿಗೆ ಹತ್ತಿರವಾಗಿ ನಾವೇ ಕಟ್ಟಿದ ಒಂದು ವಾಕ್ಯ. ನನ್ನ ಪಾಲಿಗೆ 'ಸೂಚಿಸು' ಬಂತು. ಹೆಸರೆತ್ತದೆ ತಿಳಿಯುವಂತೆ ಹೇಳು ಎಂದು ಅರ್ಥ ಬರೆದೆ. ಮೂಲ ಸಂಸ್ಕೃತದ 'ಸೂಚಿ', ಅಂದರೆ ನಮ್ಮ ಸೂಜಿಯೇ. ಸೂಜಿ ಎಂದೊಡನೆ ಅಕ್ಕ ನೆನಪಾದಳು. ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತೋ ಏನೋ, ಹೀಗೆ ಬರೆದುಬಿಟ್ಟೆ:

"'ಊರವರ ಮದುವೆಗೆಲ್ಲ ಬಟ್ಟೆ ಹೊಲಿದು ತಾವು ಹಾಗೇ ಉಳಿದವರೂ ಇದ್ದಾರೆ' ಎಂದು ಅವನು ಅಕ್ಕನನ್ನು ಸೂಚಿಸಿದನು."

ಜೊತೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸಂಪಾದಕರು "ಭೇಷ್" ಅಂದರು. ನಾನು ಉಬ್ಬಿಹೋದೆ.

ಪುಸ್ತಕ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ಅವಳ ಕೈಗೇ ಕೊಟ್ಟೆ. ಆ ವಾಕ್ಯ ನನಗೆ ಮರೆತೇಹೋಗಿತ್ತು; ಅದೂ ನಾಚಿಕೆಗೇಡೇ.

"ನೀನು ಬರ್ದಿದ್ದು ಯಾವುದೋ?" ಎಂದು ಕೇಳಿದಳು. ನನ್ನ ಪುಟಗಳನ್ನು ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಮೆಲ್ಲಗೆ ಓದುತ್ತ ಬಂದಳು. ಬೆರಳು ಒಂದು ಕಡೆ ನಿಂತಿತು. ಯಾವ ಪದವೆಂದು ಬಗ್ಗಿ ನೋಡಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಪ್ಪಾಯ್ತು ಅನ್ನಬೇಕು, ಈಗಲೇ ಅನ್ನಬೇಕು ಎಂದುಕೊಂಡೆ.

ಅಕ್ಕ ಕನ್ನಡಕ ತೆಗೆದು, ಮೆಷಿನ್ನಿನ ಮೇಲಿದ್ದ ಬಟ್ಟೆ ಚೂರಿನಿಂದ ಒರೆಸಿದಳು. ತುಂಬಾ ಹೊತ್ತು ಒರೆಸಿದಳು.

"ಈ ಅಚ್ಚು ಹಾಕೋರು ಮಧ್ಯೆ ಮಧ್ಯೆ ತಮ್ದೂ ಏನೇನೋ ಸೇರಿಸ್ಬಿಡ್ತಾರೆ, ಅಲ್ವೇನೋ?" ಎಂದಳು.

ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಹೌದಕ್ಕ, ಅವರದೇ ಕೆಲಸ," ಎಂದೆ.