ಎಲ್ಲಿಗೆ ಅನ್ನಬಾರದು

ಮೋಟಾರು ಅಪರೂಪವಾಗಿದ್ದ ಕಾಲ. ಗೋಕಾಕದಿಂದ ಗುಡ್ಡ ಹತ್ತಿಳಿದು ಸಂಜೆಯೊಳಗೆ ಹುಕ್ಕೇರಿ ಮುಟ್ಟುತ್ತೇನೆಂದು ಗೆಳೆಯರ ಮುಂದೆ ಬಡಾಯಿ ಕೊಚ್ಚಿ, ಬುತ್ತಿಯನ್ನೂ ಕಟ್ಟಿಕೊಳ್ಳದೆ ಹೊರಟೆ.

ಮೊದಲ ಏರಿನಲ್ಲೇ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ, “ಎಲ್ಲಿಗೆ ಹೊಂಟೀರಿ?” ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. “ತಪ್ಪಾತ್ರಿ! ಹೊಂಟವ್ರನ್ನ ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಆಗೂದಿಲ್ಲ. ಕುಂದರ್ರಿ, ರೊಟ್ಟಿ ತಿಂದು ಹೊಸದಾಗಿ ಹೊಂಡ್ರಿ.” ತಿಂದೆ.

ಮುಂದಿನ ಹೊಲದಲ್ಲಿ ಕಸ ತೆಗೆಯುತ್ತಿದ್ದ ಗಂಡ ಹೆಂಡತಿಯೂ ಅದನ್ನೇ ಕೇಳಿ, ಹಾಗೆಯೇ ಹಳಹಳಿಸಿ, ಬೆಲ್ಲ, ಶೇಂಗಾ, ಮಜ್ಜಿಗೆ ಕೊಟ್ಟು ಕೂರಿಸಿದರು. ನನಗೆ ರೇಗಿತು. ಎಲ್ಲರೂ ಹೀಗೆ ಹೊಸದಾಗಿ ಹೊರಡಿಸುತ್ತ ಹೋದರೆ ನಾನು ಹುಕ್ಕೇರಿ ಕಾಣುವುದು ಯಾವ ಜನ್ಮದಲ್ಲಿ? ಇನ್ನು ಯಾರ ಕಣ್ಣಿಗೂ ಬೀಳಬಾರದೆಂದು ಕಾಲುದಾರಿ ಬಿಟ್ಟು ಕುರುಚಲು ಗಿಡಗಳ ನಡುವೆ ನುಗ್ಗಿದೆ.

ಯಾರ ಕಣ್ಣಿಗೂ ಬೀಳಲಿಲ್ಲ. ಹೊತ್ತು ಇಳಿಯುವಾಗ ಕೊನೆಯ ಗುಡ್ಡದ ಬುಡಕ್ಕೆ ಕಾಲೆಳೆಯುತ್ತ ಬಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಗುಡಿಸಲ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಲೆಯೆತ್ತಿ, ತಪ್ಪಿಯೂ ‘ಎಲ್ಲಿಗೆ’ ಎನ್ನದೆ, “ದೂರ ಹೊಂಟೀ ಏನಪಾ?” ಎಂದು ಕೇಳಿ ಮತ್ತೆ ರೊಟ್ಟಿಗೆ ಕೈಹಚ್ಚಿದಳು.

ನಾನು ಅಲ್ಲೇ ನಿಂತೆ.

“ಯವ್ವಾ,” ಎಂದೆ, “ಎಲ್ಲಿಗೆ ಅಂತ ಕೇಳು ಬೇ.”